ಅಳತೆಗೋಲು ಮತ್ತು ಒರೆಗಲ್ಲು
(ಗೇಜ್ ಸಿದ್ಧಾಂತಗಳನ್ನೂ ಕ್ರಮವಿನಿಮಯವಿಲ್ಲದ ದೇಶಕಾಲವನ್ನೂ ಕುರಿತ ಒಂದು ಪಾಠ)

ಅಳತೆಯಿಲ್ಲದೆ ವ್ಯವಹಾರವಿಲ್ಲ. ಗದ್ದೆಯ ಮೇರೆಯನ್ನು ನಿಶ್ಚಯಿಸುವ ಸರಪಳಿಯಿಂದ ಹಿಡಿದು ಅಡಿಕೆಯ ಅಂಗಡಿಯ ತಕ್ಕಡಿಯವರೆಗೆ ಮನುಷ್ಯನ ದಿನಚರಿಯೆಲ್ಲ ಅಳತೆಯ ಮೇಲೆ ನಿಂತಿದೆ. ಆದರೆ ಅಳತೆಗೋಲನ್ನು ಮಾಡಿದವನು ಮನುಷ್ಯ; ಅಳೆಯಲ್ಪಡುವ ವಸ್ತು ಅವನ ಸೃಷ್ಟಿಯಲ್ಲ. ಕೋಲನ್ನು ಬದಲಿಸಿದರೆ ಅಂಕೆ ಬದಲಾಗುತ್ತದೆ. ಗದ್ದೆ ಇದ್ದಲ್ಲಿಯೇ ಇರುತ್ತದೆ. ಹಾಗಿದ್ದಲ್ಲಿ, ಪ್ರತಿಯೊಂದು ಊರೂ ತನಗೆ ಸರಿಕಂಡ ಕೋಲನ್ನು ಹಿಡಿಯುವ ಸ್ವಾತಂತ್ರ್ಯ ಪಡೆದರೂ ಬದಲಾಗದೆ ಉಳಿಯುವುದು ಯಾವುದು? ಇಪ್ಪತ್ತನೆಯ ಶತಮಾನದ ಭೌತವಿಜ್ಞಾನ ಕೇಳಿದ ಪ್ರಶ್ನೆಗಳಲ್ಲಿ ಇದು ಅತ್ಯಂತ ಫಲಪ್ರದವಾದುದು. ಇದಕ್ಕೆ ದೊರೆತ ಉತ್ತರಕ್ಕೆ ‘ಗೇಜ್ ಸಿದ್ಧಾಂತ’ ಎಂದು ಹೆಸರು. ಬೆಳಕು, ವಿದ್ಯುತ್ತು, ಪರಮಾಣುವಿನ ಬೀಜವನ್ನು ಹಿಡಿದಿಟ್ಟಿರುವ ಬಲ, ಸೂರ್ಯನ ಉರಿಗೆ ನೆರವಾಗುವ ಬಲ ಇವೆಲ್ಲವನ್ನೂ ಇಂದು ಈ ಒಂದು ತತ್ತ್ವದಡಿಯಲ್ಲಿ ವಿವರಿಸಲಾಗುತ್ತಿದೆ. ಈ ಕಥೆಯ ಎರಡು ಮುಖ್ಯ ಘಟ್ಟಗಳು ಕನ್ನಡ ನಾಡಿನಲ್ಲಿಯೇ ನಡೆದಿವೆ ಎಂಬುದು ಉಪಾಧ್ಯಾಯರೂ ವಿದ್ಯಾರ್ಥಿಗಳೂ ಅರಿತಿರಬೇಕಾದ ಸಂಗತಿ.

ಮೂರು ಪೇಟೆಗಳ ಸೇರು

ಮೆಟ್ರಿಕ್ ಪದ್ಧತಿ ಜಾರಿಗೆ ಬರುವ ಮುನ್ನ ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸರಿಹೊಂದುತ್ತಿರಲಿಲ್ಲ ಎಂಬುದು ಹಿರಿಯರಿಗೆ ನೆನಪಿರುವ ಮಾತು. ಅದನ್ನೇ ಆಧಾರವಾಗಿಟ್ಟುಕೊಂಡು ಪಾಠಕ್ಕಾಗಿ ಒಂದು ಕಲ್ಪನೆ ಮಾಡಬಹುದು. ಪುತ್ತೂರು, ಸುಳ್ಯ, ಕಡಬ ಈ ಮೂರು ಪೇಟೆಗಳಲ್ಲಿ ಮೂರು ಬಗೆಯ ಸೇರುಗಳಿವೆ ಎಂದಿಟ್ಟುಕೊಳ್ಳೋಣ. ಒಂದು ಪೇಟೆಯಿಂದ ಇನ್ನೊಂದಕ್ಕೆ ಅಕ್ಕಿ ಒಯ್ಯುವ ವ್ಯಾಪಾರಿಗೆ ಪ್ರತಿಯೊಂದು ಹಾದಿಯಲ್ಲಿಯೂ ಒಂದು ಲೆಕ್ಕದ ವಾಡಿಕೆ ಇದೆ. ಪುತ್ತೂರಿನ 100 ಸೇರು ಸುಳ್ಯದ ಲೆಕ್ಕದಲ್ಲಿ 125. ಆ 125 ಕಡಬದ ಲೆಕ್ಕದಲ್ಲಿ 150. ಆ 150 ಮರಳಿ ಪುತ್ತೂರಿಗೆ ಬಂದಾಗ 100. ಇಲ್ಲಿ ವ್ಯಾಪಾರಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಅಂಕೆಗಳು ದಾರಿಯುದ್ದಕ್ಕೂ ಏರಿಳಿದವು. ಆದರೆ ಸುತ್ತು ಮುಗಿದಾಗ ಉಳಿದದ್ದು ಏನೂ ಇಲ್ಲ. ಆ ಏರಿಳಿತವೆಲ್ಲ ಬರಿಯ ಹೆಸರಿನ ವ್ಯತ್ಯಾಸ.

ಈಗ ಕಡಬದಿಂದ ಪುತ್ತೂರಿಗೆ ಬರುವ ಹಾದಿಯ ವಾಡಿಕೆಯಲ್ಲಿ ಮಾತ್ರ ಕಿಂಚಿತ್ ವ್ಯತ್ಯಾಸವಿದ್ದು, 150 ಸೇರಿಗೆ ಪುತ್ತೂರಿನಲ್ಲಿ 102 ಸೇರು ದೊರೆಯಿತು ಎನ್ನೋಣ. ಒಂದು ಸುತ್ತು ತಿರುಗಿ ಬಂದವನ ಕೈಯಲ್ಲಿ ಎರಡು ಸೇರು ಹೆಚ್ಚಿಗೆ ಉಳಿಯಿತು. ಈ ಎರಡು ಸೇರು ಹೆಸರಿನ ವ್ಯತ್ಯಾಸವೇ? ಪರೀಕ್ಷಿಸಿ ನೋಡಬಹುದು. ಸುಳ್ಯದವರು ತಮ್ಮ ಸೇರನ್ನು ಅರ್ಧಕ್ಕೆ ಇಳಿಸಿದರು ಎನ್ನೋಣ. ಆಗ ಪುತ್ತೂರಿನ 100 ಸೇರು ಅಲ್ಲಿ 125ರ ಬದಲಿಗೆ 250 ಆಗುತ್ತದೆ. ಆದರೆ ಹೊರಡುವಾಗ ಆ 250 ಕಡಬದಲ್ಲಿ ಮೊದಲಿನಂತೆ 150 ಆಗುತ್ತದೆ. ಸುತ್ತು ಮುಗಿದಾಗ ಉಳಿಯುವುದು ಪುನಃ ಅದೇ ಎರಡು ಸೇರು. ಯಾವ ಪೇಟೆಯವರು ತಮ್ಮ ಸೇರನ್ನು ಎಷ್ಟು ಸಲ ಬದಲಿಸಿದರೂ ಈ ಎರಡನ್ನು ಅಳಿಸಲಾಗದು. ಅದು ಯಾವ ಒಂದು ಪೇಟೆಗೂ ಸೇರಿದ್ದಲ್ಲ. ಮೂರು ಹಾದಿಗಳು ಕೂಡಿ ಆವರಿಸಿದ ಪ್ರದೇಶಕ್ಕೆ ಸೇರಿದ್ದು.

ಗೇಜ್ ಸಿದ್ಧಾಂತದ ತಿರುಳು ಇಷ್ಟರಲ್ಲಿಯೇ ಇದೆ. ಒಂದೊಂದು ಊರಿನ ಸೇರು ಆ ಊರಿನ ‘ಗೇಜ್’. ಹಾದಿಯ ಲೆಕ್ಕದ ವಾಡಿಕೆಗೆ ಗಣಿತಜ್ಞರು ‘ಸಂಬಂಧಕ’ ಎನ್ನುವರು. ಭೌತವಿಜ್ಞಾನಿಗಳು ‘ಗೇಜ್ ಕ್ಷೇತ್ರ’ ಎನ್ನುವರು. ಸುತ್ತು ಮುಗಿದಾಗ ಕೈಯಲ್ಲುಳಿಯುವ ಎರಡು ಸೇರೇ ನಿಜವಾದ ಬಲದ ಗುರುತು. ಸೇರನ್ನು ಬದಲಿಸಿಕೊಳ್ಳುವ ಸ್ವಾತಂತ್ರ್ಯ ಎಲ್ಲ ಊರುಗಳಿಗೂ ಇದೆ. ಆ ಸ್ವಾತಂತ್ರ್ಯದಿಂದ ಬಾಧಿತವಾಗದೆ ಉಳಿಯುವುದಷ್ಟೇ ಪ್ರಕೃತಿಯ ಸತ್ಯ.

‘ಗೇಜ್’ ಎಂಬ ಮಾತು

ಈ ಪದ ದಕ್ಷಿಣ ಕನ್ನಡದವರಿಗೆ ಹೊಸದಲ್ಲ. ಹಾಸನ–ಮಂಗಳೂರು ರೈಲುಮಾರ್ಗ 1979ರಲ್ಲಿ ಪೂರ್ಣಗೊಂಡಾಗ ಅದು ಮೀಟರ್ ಗೇಜ್. ಹಳಿಗಳ ನಡುವಣ ಅಂತರ 1000 ಮಿಲಿಮೀಟರ್. ಕೇರಳದ ಕಡೆಯಿಂದ ಮಂಗಳೂರಿಗೆ ಬರುತ್ತಿದ್ದುದು ಬ್ರಾಡ್ ಗೇಜ್. ಅಂತರ 1676 ಮಿಲಿಮೀಟರ್. ಒಂದು ಹಳಿಯ ಗಾಡಿ ಇನ್ನೊಂದು ಹಳಿಯ ಮೇಲೆ ಓಡದಾದ ಕಾರಣ ಎರಡೂ ಕೂಡುವ ಎಡೆಯಲ್ಲಿ ಸರಕನ್ನು ಇಳಿಸಿ ಮತ್ತೆ ಏರಿಸಬೇಕಾಗುತ್ತಿತ್ತು. ಕಬಕ ಪುತ್ತೂರು, ಸುಬ್ರಹ್ಮಣ್ಯ ರೋಡ್ ನಿಲ್ದಾಣಗಳ ಮೂಲಕ ಘಟ್ಟವೇರುವ ಈ ಮಾರ್ಗ ಬ್ರಾಡ್ ಗೇಜಿಗೆ ಪರಿವರ್ತಿತವಾಗಿ 2006ರಲ್ಲಿ ಸರಕಿನ ಗಾಡಿಗಳಿಗೂ 2007ರಲ್ಲಿ ಪ್ರಯಾಣಿಕರ ಗಾಡಿಗಳಿಗೂ ತೆರೆಯಿತು. ಹಳಿಯ ಅಂತರ ಬದಲಾಯಿತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿಗೆ ಇರುವ ದೂರ ಬದಲಾಗಲಿಲ್ಲ.

ಭೌತವಿಜ್ಞಾನಕ್ಕೆ ಈ ಮಾತನ್ನು ತಂದವರು ಜರ್ಮನ್ ಗಣಿತಜ್ಞ ಹೆರ್ಮನ್ ವೈಲ್. ಐನ್‌ಸ್ಟೈನರ ಗುರುತ್ವ ಸಿದ್ಧಾಂತ 1915ರಲ್ಲಿ ಪ್ರಕಟವಾದ ಮೂರೇ ವರ್ಷಗಳಲ್ಲಿ, ಎಂದರೆ 1918ರಲ್ಲಿ, ವೈಲ್ ಒಂದು ಸಾಹಸದ ವಿಚಾರವನ್ನು ಮುಂದಿಟ್ಟರು. ಒಂದು ದಂಡದ ಉದ್ದವನ್ನು ಸ್ಥಳದಿಂದ ಸ್ಥಳಕ್ಕೆ ಒಯ್ಯುವಾಗ ಆ ಉದ್ದದ ಅಳತೆಯೂ ಹಾದಿಯನ್ನವಲಂಬಿಸಿ ಬದಲಾಗಬಹುದು. ಆ ಬದಲಾವಣೆಯ ನಿಯಮವೇ ವಿದ್ಯುತ್ಕಾಂತ ಕ್ಷೇತ್ರ ಎಂಬುದು ಅವರ ಊಹೆ. ತೂಕದ ಬಟ್ಟುಗಳನ್ನೂ ಅಳತೆಯ ಪಾತ್ರೆಗಳನ್ನೂ ಪರೀಕ್ಷಿಸಿ ಮುದ್ರೆಯೊತ್ತುವ ಕ್ರಿಯೆಗೆ ಜರ್ಮನ್ ಭಾಷೆಯಲ್ಲಿರುವ ಪದವನ್ನು ಅವರು ಬಳಸಿದರು. ಇಂಗ್ಲಿಷಿನವರು ಅದನ್ನು ‘ಗೇಜ್’ ಎಂದು ಅನುವಾದಿಸಿದರು.

ಐನ್‌ಸ್ಟೈನರು ಈ ಗಣಿತದ ಸೊಬಗಿಗೆ ತಲೆದೂಗಿದರು, ಆದರೆ ಒಪ್ಪಲಿಲ್ಲ. ಅವರ ಆಕ್ಷೇಪಣೆ ಸರಳವಾದುದು. ಅಳತೆ ಹಾದಿಯನ್ನವಲಂಬಿಸುವುದಾದರೆ, ಬೇರೆಬೇರೆ ಹಾದಿಗಳಲ್ಲಿ ಬಂದ ಎರಡು ಜಲಜನಕ ಪರಮಾಣುಗಳು ಬೇರೆಬೇರೆ ಬಣ್ಣದ ಬೆಳಕನ್ನು ಸೂಸಬೇಕು. ಸೂರ್ಯನಲ್ಲಿರುವ ಜಲಜನಕವೂ ಪ್ರಯೋಗಶಾಲೆಯ ಜಲಜನಕವೂ ಒಂದೇ ಬಗೆಯ ರೋಹಿತ ರೇಖೆಗಳನ್ನು ನೀಡುತ್ತಿವೆ. ಪರಮಾಣುವಿಗೆ ತಾನು ನಡೆದ ಹಾದಿಯ ನೆನಪಿಲ್ಲ. ಈ ಆಕ್ಷೇಪಣೆ ವೈಲ್ ಅವರ ಲೇಖನದ ಕೊನೆಯಲ್ಲಿಯೇ ಅಚ್ಚಾಯಿತು. ಸುಂದರವಾದ ಸಿದ್ಧಾಂತವೊಂದು ಒರೆಗಲ್ಲಿನ ಮೇಲೆ ನಿಲ್ಲಲಿಲ್ಲ. ಆದರೆ ಅದರಲ್ಲಿದ್ದ ಚಿನ್ನ ವ್ಯರ್ಥವಾಗಲಿಲ್ಲ.

ಗಡಿಯಾರದ ಮುಳ್ಳು ಮತ್ತು ಬೆಂಗಳೂರಿನ ತ್ರಿಕೋಣ

ಮುಂದಿನ ಹತ್ತು ವರ್ಷಗಳಲ್ಲಿ ಕ್ವಾಂಟಮ್ ವಿಜ್ಞಾನ ಹುಟ್ಟಿತು. ಎಲೆಕ್ಟ್ರಾನು ಕಣವಾಗಿರುವಂತೆಯೇ ಅಲೆಯೂ ಆಗಿದೆಯೆಂದು ತಿಳಿದುಬಂದಿತು. ಅಲೆಗೆ ಏರಿಳಿತದ ಪ್ರಮಾಣದ ಜೊತೆಗೆ ‘ಪ್ರಾವಸ್ಥೆ’ ಎಂಬ ಇನ್ನೊಂದು ಗುಣವಿದೆ. ಅಲೆ ತನ್ನ ಏರಿಳಿತದ ಯಾವ ಘಟ್ಟದಲ್ಲಿದೆ ಎಂಬುದನ್ನು ಅದು ತಿಳಿಸುತ್ತದೆ. ಅದನ್ನು ಗಡಿಯಾರದ ಮುಳ್ಳಿನಂತೆ ಭಾವಿಸಬಹುದು. ವೈಲ್ ಅವರು 1929ರಲ್ಲಿ ತಮ್ಮ ಹಳೆಯ ವಿಚಾರವನ್ನು ಈ ಹೊಸ ನೆಲದಲ್ಲಿ ಬಿತ್ತಿದರು. ಹಾದಿಯಲ್ಲಿ ಬದಲಾಗುವುದು ದಂಡದ ಉದ್ದವಲ್ಲ, ಎಲೆಕ್ಟ್ರಾನಿನ ಪ್ರಾವಸ್ಥೆಯ ಮುಳ್ಳು. ಪ್ರತಿಯೊಂದು ಬಿಂದುವಿನಲ್ಲಿಯೂ ಹನ್ನೆರಡು ಗಂಟೆ ಯಾವ ದಿಕ್ಕಿಗಿರಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯವಿದೆ. ಹಾಗೆ ಸ್ವಾತಂತ್ರ್ಯವಿತ್ತ ಮೇಲೆ ಒಂದು ಬಿಂದುವಿನ ಮುಳ್ಳನ್ನು ಇನ್ನೊಂದರ ಜೊತೆ ಹೋಲಿಸಲು ಹಾದಿಯ ನಿಯಮವೊಂದು ಬೇಕೇ ಬೇಕು. ಆ ನಿಯಮವೇ ವಿದ್ಯುತ್ಕಾಂತ ಕ್ಷೇತ್ರ. ಎಂದರೆ, ಬೆಳಕು ಪ್ರಕೃತಿಯಲ್ಲಿ ಆಕಸ್ಮಿಕವಾಗಿ ಇರುವ ವಸ್ತುವಲ್ಲ; ಬಿಂದುಬಿಂದುವಿಗೂ ಸ್ವಾತಂತ್ರ್ಯವಿರಬೇಕಾದರೆ ಅದು ಇರಲೇಬೇಕು.

ಸುತ್ತು ಮುಗಿದಾಗ ಉಳಿಯುವ ‘ಎರಡು ಸೇರು’ ಇಲ್ಲಿಯೂ ಉಂಟೇ? ಆಹರೋನೊವ್ ಮತ್ತು ಬೋಮ್ ಎಂಬ ವಿಜ್ಞಾನಿಗಳು 1959ರಲ್ಲಿ ಉಂಟು ಎಂದು ತೋರಿಸಿಕೊಟ್ಟರು. ಕಾಂತಕ್ಷೇತ್ರವನ್ನು ಒಂದು ಕೊಳವೆಯೊಳಗೆ ಬಂಧಿಸಿ, ಎಲೆಕ್ಟ್ರಾನುಗಳನ್ನು ಅದರ ಎರಡೂ ಪಕ್ಕಗಳಲ್ಲಿ ಹೊರಗಿನಿಂದಲೇ ಸಾಗಿಸಿದರೂ ಅವು ಪುನಃ ಕೂಡಿದಾಗ ಮುಳ್ಳುಗಳಲ್ಲಿ ಅಂತರ ಕಂಡುಬರಬೇಕು. ಜಪಾನಿನ ತೊನೊಮುರಾ ಅವರ ತಂಡ 1986ರಲ್ಲಿ ಸಂದೇಹಕ್ಕೆಡೆಯಿಲ್ಲದಂತೆ ಇದನ್ನು ಪ್ರಯೋಗದಿಂದ ಸ್ಥಾಪಿಸಿತು.

ಇದಕ್ಕೂ ಮೊದಲೇ ಬೆಂಗಳೂರಿನಲ್ಲಿ ಇದೇ ತತ್ತ್ವದ ಇನ್ನೊಂದು ಮುಖ ಗೋಚರಿಸಿತ್ತು. ರಾಮನ್ ಸಂಶೋಧನ ಸಂಸ್ಥೆಯಲ್ಲಿ ಸಿ. ವಿ. ರಾಮನ್ ಅವರ ಸೋದರಳಿಯ ಎಸ್. ಪಂಚರತ್ನಂ ಎಂಬ ತರುಣರು ಹರಳುಗಳ ಮೂಲಕ ಹಾಯುವ ಧ್ರುವೀಕೃತ ಬೆಳಕನ್ನು ಅಭ್ಯಸಿಸುತ್ತಿದ್ದರು. ಬೆಳಕಿನ ಅಲೆ ನೇರಗೆರೆಯಲ್ಲಿ ಕಂಪಿಸಬಹುದು, ವೃತ್ತಾಕಾರವಾಗಿ ಸುತ್ತಬಹುದು, ಅಥವಾ ಇವೆರಡರ ನಡುವಣ ಯಾವುದೇ ಬಗೆಯಲ್ಲಿ ಚಲಿಸಬಹುದು. ಈ ಬಗೆಗಳನ್ನೆಲ್ಲ ಒಂದು ಗೋಳದ ಮೇಲಿನ ಬಿಂದುಗಳಾಗಿ ಗುರುತಿಸಬಹುದು. ಎರಡು ಬೇರೆ ಬಗೆಯ ಬೆಳಕುಗಳು ‘ಸಮಪ್ರಾವಸ್ಥೆಯಲ್ಲಿವೆ’ ಎನ್ನುವುದಕ್ಕೆ ಅರ್ಥವೇನು? ಅವು ಕೂಡಿದಾಗ ಗರಿಷ್ಠ ಪ್ರಕಾಶ ಉಂಟಾದರೆ ಸಮಪ್ರಾವಸ್ಥೆ ಎಂದು ಪಂಚರತ್ನಂ ವ್ಯಾಖ್ಯೆ ಕೊಟ್ಟರು. ಅನಂತರ ಒಂದು ಅಚ್ಚರಿಯನ್ನು ಕಂಡರು. ಮೊದಲನೆಯ ಬೆಳಕು ಎರಡನೆಯದರೊಡನೆ ಸಮ, ಎರಡನೆಯದು ಮೂರನೆಯದರೊಡನೆ ಸಮ. ಆದರೂ ಮೂರನೆಯದು ಮೊದಲನೆಯದರೊಡನೆ ಸಮವಾಗಿರಬೇಕಾಗಿಲ್ಲ! ಸುತ್ತು ಮುಗಿದಾಗ ಉಳಿಯುವ ಅಂತರ, ಏಕಮಾನ ತ್ರಿಜ್ಯದ ಆ ಗೋಳದ ಮೇಲೆ ಮೂರು ಬಿಂದುಗಳು ರಚಿಸುವ ತ್ರಿಕೋಣದ ವಿಸ್ತೀರ್ಣದ ಅರ್ಧಕ್ಕೆ ಸರಿಯಾಗಿರುತ್ತದೆ. ಪುತ್ತೂರು–ಸುಳ್ಯ–ಕಡಬ ಸುತ್ತಿದ ವ್ಯಾಪಾರಿಯ ಎರಡು ಸೇರಿಗೆ ಇದಕ್ಕಿಂತ ನಿಕಟವಾದ ಉದಾಹರಣೆ ಪ್ರಕೃತಿಯಲ್ಲಿ ದೊರೆಯುವುದು ಕಷ್ಟ.

ಈ ಲೇಖನ 1956ರಲ್ಲಿ ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾದಾಗ ಪಂಚರತ್ನಂ ಅವರಿಗೆ 22 ವರ್ಷ. ಅದರ ಮಹತ್ತ್ವವನ್ನು ಜಗತ್ತು ಬಹುಕಾಲ ಗಮನಿಸಲಿಲ್ಲ. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದು, ಆಕ್ಸ್‌ಫರ್ಡಿಗೆ ತೆರಳಿದ ಅವರು 1969ರಲ್ಲಿ, 35ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು. ಬ್ರಿಟನ್ನಿನ ಮೈಕೆಲ್ ಬೆರಿ 1984ರಲ್ಲಿ ಕ್ವಾಂಟಮ್ ವಿಜ್ಞಾನದಲ್ಲಿ ಇಂತಹುದೇ ಪ್ರಾವಸ್ಥೆಯನ್ನು ಕಂಡುಹಿಡಿದು ಪ್ರಸಿದ್ಧರಾದ ಮೇಲೆ, ಬೆಂಗಳೂರಿನ ಎಸ್. ರಾಮಶೇಷನ್ ಮತ್ತು ರಾಜಾರಾಮ್ ನಿತ್ಯಾನಂದ ಅವರು 1986ರಲ್ಲಿ ಪಂಚರತ್ನಂ ಅವರ ಪೂರ್ವಕಾರ್ಯವನ್ನು ವಿದ್ವಾಂಸರ ಗಮನಕ್ಕೆ ತಂದರು. ಬೆರಿ ಅವರೂ ಅದನ್ನು ಮನಸಾರೆ ಒಪ್ಪಿದರು. ಇಂದು ಜಗತ್ತಿನ ಪಠ್ಯಪುಸ್ತಕಗಳಲ್ಲಿ ‘ಪಂಚರತ್ನಂ ಪ್ರಾವಸ್ಥೆ’ ಎಂಬ ಹೆಸರು ಸ್ಥಿರವಾಗಿದೆ.

ಯಾವುದು ಮೊದಲು, ಯಾವುದು ಅನಂತರ

ಇದುವರೆಗಿನ ಲೆಕ್ಕದಲ್ಲಿ ಕ್ರಮಕ್ಕೆ ಪ್ರಾಮುಖ್ಯವಿರಲಿಲ್ಲ. ಮೂರನ್ನು ಐದರಿಂದ ಗುಣಿಸಿದರೂ ಐದನ್ನು ಮೂರರಿಂದ ಗುಣಿಸಿದರೂ ಹದಿನೈದೇ. ಶಾಲೆಯ ಗಣಿತದಲ್ಲಿ ಇದಕ್ಕೆ ಪರಿವರ್ತನೀಯ ನಿಯಮವೆಂದು ಹೆಸರು. ಅರ್ಥಸ್ಪಷ್ಟತೆಗಾಗಿ ಇಲ್ಲಿ ಕ್ರಮವಿನಿಮಯ ಎಂಬ ಮಾತನ್ನು ಬಳಸಿದೆ. ಎಲ್ಲ ಕ್ರಿಯೆಗಳೂ ಈ ನಿಯಮಕ್ಕೆ ಒಳಪಡುವುದಿಲ್ಲ. ತರಗತಿಯಲ್ಲಿ ಒಂದು ಪುಸ್ತಕದಿಂದ ಇದನ್ನು ತೋರಿಸಬಹುದು.

ಪುಸ್ತಕವನ್ನು ಓದುವಂತೆ ಮೇಜಿನ ಮೇಲೆ ಮಲಗಿಸಬೇಕು. ರಕ್ಷಾಪುಟ ಮೇಲೆ, ಬೆನ್ನು ಎಡಕ್ಕೆ. ಕ್ರಿಯೆ ಒಂದು: ದೂರದ ಅಂಚನ್ನು ಮೇಲೆತ್ತಿ, ರಕ್ಷಾಪುಟ ನೋಡುವವನ ಕಡೆಗೆ ತಿರುಗುವಂತೆ ನಿಲ್ಲಿಸುವುದು. ಕ್ರಿಯೆ ಎರಡು: ಪುಸ್ತಕವನ್ನು ಇದ್ದಂತೆಯೇ, ಮೇಲಿನಿಂದ ನೋಡಿದಾಗ ಗಡಿಯಾರದ ಮುಳ್ಳು ಸುತ್ತುವ ದಿಕ್ಕಿನಲ್ಲಿ ಕಾಲು ಸುತ್ತು ತಿರುಗಿಸುವುದು. ಮೊದಲು ಒಂದನ್ನೂ ಅನಂತರ ಎರಡನ್ನೂ ಮಾಡಿದರೆ ಪುಸ್ತಕ ನೆಟ್ಟಗೆ ನಿಂತಿರುತ್ತದೆ, ರಕ್ಷಾಪುಟ ಎಡಕ್ಕೆ ಮುಖಮಾಡಿರುತ್ತದೆ. ಮೊದಲು ಎರಡನ್ನೂ ಅನಂತರ ಒಂದನ್ನೂ ಮಾಡಿದರೆ ಪುಸ್ತಕ ಅಡ್ಡಲಾಗಿ ನಿಂತಿರುತ್ತದೆ, ಬೆನ್ನು ಮೇಲಾಗಿ ರಕ್ಷಾಪುಟ ನೋಡುವವನ ಕಡೆಗಿರುತ್ತದೆ. ಕ್ರಿಯೆಗಳು ಅವೇ, ಕ್ರಮ ಬೇರೆಯಾದುದರಿಂದ ಫಲ ಬೇರೆ.

ಅಮೆರಿಕದಲ್ಲಿದ್ದ ಚೀನೀ ವಿಜ್ಞಾನಿ ಯಾಂಗ್ ಮತ್ತು ಅವರ ಸಹೋದ್ಯೋಗಿ ಮಿಲ್ಸ್ 1954ರಲ್ಲಿ ಕೇಳಿದ ಪ್ರಶ್ನೆ ಇದು: ಒಂದೇ ಮುಳ್ಳಿನ ಗಡಿಯಾರದ ಬದಲು ಪುಸ್ತಕದಂತೆ ಹಲವು ಬಗೆಯಲ್ಲಿ ತಿರುಗಬಲ್ಲ ಒಳಗುಣವೊಂದಿದ್ದು, ಅದನ್ನು ಬಿಂದುಬಿಂದುವಿನಲ್ಲಿಯೂ ಸ್ವತಂತ್ರವಾಗಿ ತಿರುಗಿಸಬಹುದಾದರೆ ಏನಾಗುತ್ತದೆ? ಆಗ ಹಾದಿಯ ನಿಯಮಗಳೂ ಕ್ರಮಕ್ಕೆ ಕಟ್ಟುಬೀಳುತ್ತವೆ. ಬೆಳಕಿನ ಕಣಗಳು ಒಂದನ್ನೊಂದು ನೇರವಾಗಿ ತಾಕದೆ ಹಾದುಹೋಗುತ್ತವೆ. ಆದರೆ ಈ ಹೊಸ ಕ್ಷೇತ್ರದ ಕಣಗಳು ಪರಸ್ಪರ ಎಳೆದಾಡುತ್ತವೆ. ಯಾಂಗ್ ಪ್ರಿನ್ಸ್‌ಟನ್ನಿನಲ್ಲಿ ಇದನ್ನು ಮಂಡಿಸಿದಾಗ ಪೌಲಿ ಎಂಬ ಹಿರಿಯ ವಿಜ್ಞಾನಿ, ಈ ಕಣಗಳ ದ್ರವ್ಯರಾಶಿ ಎಷ್ಟು ಎಂದು ಪಟ್ಟುಹಿಡಿದು ಕೇಳಿದರು. ಯಾಂಗ್ ಅವರಲ್ಲಿ ಉತ್ತರವಿರಲಿಲ್ಲ. ಉತ್ತರವಿಲ್ಲವೆಂದು ಒಪ್ಪಿಕೊಂಡೇ ಅವರು ಲೇಖನವನ್ನು ಪ್ರಕಟಿಸಿದರು.

ಆ ಉತ್ತರ ದೊರೆಯಲು ಹಲವರ ಶ್ರಮ ಬೇಕಾಯಿತು. ದ್ರವ್ಯರಾಶಿ ಹೇಗೆ ಬರಬಹುದೆಂಬುದನ್ನು 1964ರಲ್ಲಿ ಹಿಗ್ಸ್ ಮೊದಲಾದವರು ತೋರಿಸಿದರು. ಗ್ಲ್ಯಾಶೋ, ವೈನ್‌ಬರ್ಗ್, ಸಲಾಂ ಅವರು ವಿದ್ಯುತ್ಕಾಂತ ಬಲವನ್ನೂ ವಿಕಿರಣಶೀಲತೆಗೆ ಕಾರಣವಾದ ದುರ್ಬಲ ಬಲವನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದರು. 1979ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಪ್ರಬಲ ಬಲದ ಗೇಜ್ ಸಿದ್ಧಾಂತ 1973ರಲ್ಲಿ ರೂಪುಗೊಂಡಿತು. ಪ್ರೋಟಾನಿಗಿಂತ ಸುಮಾರು 86 ಪಟ್ಟು ಮತ್ತು 97 ಪಟ್ಟು ಭಾರದ ಡಬ್ಲ್ಯು ಮತ್ತು ಜ಼ೆಡ್ ಕಣಗಳು 1983ರಲ್ಲಿ ಜಿನೀವಾ ಬಳಿಯ ಪ್ರಯೋಗಶಾಲೆಯಲ್ಲಿ ದೊರೆತವು. ಹಿಗ್ಸ್ ಕಣ 2012ರಲ್ಲಿ ಅಲ್ಲಿಯೇ ಕಾಣಿಸಿಕೊಂಡಿತು. ಪೌಲಿಯವರ ಪ್ರಶ್ನೆಗೆ ಪ್ರಯೋಗಶಾಲೆ ಉತ್ತರ ಹೇಳಲು 58 ವರ್ಷಗಳು ಹಿಡಿದವು.

ಕೋಲಾರದ ಒರೆಗಲ್ಲು

ದುರ್ಬಲ, ವಿದ್ಯುತ್ಕಾಂತ, ಪ್ರಬಲ ಈ ಮೂರೂ ಗೇಜ್ ಬಲಗಳಾದ ಮೇಲೆ, ಮೂರಕ್ಕೂ ಮೂಲ ಒಂದೇ ಇರಬಾರದೇಕೆ? ಜಾರ್ಜಿ ಮತ್ತು ಗ್ಲ್ಯಾಶೋ 1974ರಲ್ಲಿ ಇಂತಹ ಮಹಾ ಏಕೀಕರಣದ ಸಿದ್ಧಾಂತವೊಂದನ್ನು ರಚಿಸಿದರು. ಒಡಿಶಾ ಮೂಲದ ಜೋಗೇಶ ಪತಿ ಅವರು ಸಲಾಂ ಅವರೊಡನೆ ಅದೇ ಕಾಲದಲ್ಲಿ ಬೇರೊಂದು ಹಾದಿಯಿಂದ ಇದೇ ಗುರಿಯತ್ತ ಸಾಗಿದ್ದರು. ಈ ವಿಚಾರದಿಂದ ಬೆಚ್ಚಿಬೀಳಿಸುವ ತೀರ್ಮಾನವೊಂದು ಹೊರಬಿದ್ದಿತು: ಪ್ರೋಟಾನು ಶಾಶ್ವತವಲ್ಲ. ಜಗತ್ತಿನ ಎಲ್ಲ ವಸ್ತುವೂ, ಅತ್ಯಂತ ನಿಧಾನವಾಗಿಯಾದರೂ, ಕರಗಿಹೋಗುತ್ತಿದೆ. ಜಾರ್ಜಿ–ಗ್ಲ್ಯಾಶೋ ಸಿದ್ಧಾಂತದ ಪ್ರಕಾರ ಪ್ರೋಟಾನಿನ ಸರಾಸರಿ ಆಯುಷ್ಯ 10ರ 31ನೆಯ ಘಾತದ ಆಸುಪಾಸಿನಷ್ಟು ವರ್ಷಗಳು. ವಿಶ್ವದ ವಯಸ್ಸು 1380 ಕೋಟಿ ವರ್ಷಗಳಷ್ಟೇ ಆಗಿರುವಾಗ ಇದನ್ನು ಪರೀಕ್ಷಿಸುವುದೆಂತು? ಒಂದು ಪ್ರೋಟಾನನ್ನು ಅಷ್ಟು ಕಾಲ ಕಾಯಲಾಗದು. ಅಷ್ಟು ಪ್ರೋಟಾನುಗಳನ್ನು ಒಂದೆಡೆ ಕೂಡಿಟ್ಟು ಒಂದು ವರ್ಷ ಕಾಯಬಹುದು. 140 ಟನ್ನು ಕಬ್ಬಿಣದಲ್ಲಿ ಪ್ರೋಟಾನು ನ್ಯೂಟ್ರಾನುಗಳೆರಡೂ ಸೇರಿ ಸುಮಾರು 8ರ ಮುಂದೆ 31 ಸೊನ್ನೆಗಳಷ್ಟಿವೆ. ಆಯುಷ್ಯ ಸಿದ್ಧಾಂತ ಹೇಳಿದಷ್ಟೇ ಇದ್ದರೆ ವರ್ಷಕ್ಕೆ ಏಳೆಂಟು ಕ್ಷಯಗಳಾದರೂ ನಡೆಯಬೇಕು.

ಆ 140 ಟನ್ನು ತೂಕದ ಉಪಕರಣವನ್ನು ಇಟ್ಟದ್ದು ಕೋಲಾರದ ಚಿನ್ನದ ಗಣಿಯಲ್ಲಿ. ಭೂಮಿಯ ಮೇಲೆ ಎಡೆಬಿಡದೆ ಸುರಿಯುವ ವಿಶ್ವಕಿರಣಗಳ ಗದ್ದಲದಲ್ಲಿ ಪ್ರೋಟಾನಿನ ಸಾವಿನ ಪಿಸುಮಾತು ಕೇಳದು. ಆದುದರಿಂದ ಆಳಕ್ಕೆ ಇಳಿಯಬೇಕು. ಕೋಲಾರದಲ್ಲಿ ಆ ಪರಂಪರೆ ಆಗಲೇ ಬೆಳೆದಿತ್ತು. ನಂಜನಗೂಡಿನಲ್ಲಿ 1925ರಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರು ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯ ಪರವಾಗಿ 1951ರಷ್ಟು ಹಿಂದೆಯೇ ಈ ಗಣಿಗಳಿಗಿಳಿದು ವಿಶ್ವಕಿರಣಗಳು ಎಷ್ಟು ಆಳದವರೆಗೆ ತಲಪುತ್ತವೆಂದು ಅಳೆಯಲಾರಂಭಿಸಿದ್ದರು. ಟಾಟಾ ಸಂಸ್ಥೆ, ಜಪಾನಿನ ಒಸಾಕಾ ನಗರ ವಿಶ್ವವಿದ್ಯಾನಿಲಯ, ಇಂಗ್ಲೆಂಡಿನ ಡರ್ಹಂ ವಿಶ್ವವಿದ್ಯಾನಿಲಯಗಳ ಕೂಡುತಂಡ 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ಸುಮಾರು 2300 ಮೀಟರ್ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋ ಕಣಗಳ ಗುರುತನ್ನು ಮೊತ್ತಮೊದಲಿಗೆ ಕಂಡಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಇನ್ನೊಂದು ತಂಡ ಹೆಚ್ಚುಕಡಿಮೆ ಅದೇ ಸಮಯಕ್ಕೆ ಅದನ್ನೇ ಕಂಡಿತು.

ಪ್ರೋಟಾನಿನ ಪರೀಕ್ಷೆ 1980ರ ಕೊನೆಯ ತಿಂಗಳುಗಳಲ್ಲಿ ಆರಂಭವಾಯಿತು. ಈ ಸಿದ್ಧಾಂತವನ್ನು ಒರೆಹಚ್ಚಲೆಂದೇ ಜಗತ್ತಿನಲ್ಲಿ ಕೆಲಸಕ್ಕಿಳಿದ ಮೊದಲ ದೊಡ್ಡ ಉಪಕರಣಗಳಲ್ಲಿ ಅದೊಂದು. ಕಬ್ಬಿಣದ ಫಲಕಗಳ ನಡುವೆ ಸಾಲುಸಾಲಾಗಿ ಗಣಕ ಕೊಳವೆಗಳು. ಮೇಲೆ ಎರಡು ಕಿಲೋಮೀಟರಿಗೂ ಹೆಚ್ಚಿನ ಬಂಡೆ. ಕೆಲವೇ ತಿಂಗಳುಗಳಲ್ಲಿ ಪ್ರೋಟಾನಿನ ಕ್ಷಯವಿರಬಹುದೆಂದು ತೋರುವ ಕೆಲವು ಘಟನೆಗಳು ದಾಖಲಾದವು. ತಂಡ ಅವನ್ನು ಜಗತ್ತಿನ ಮುಂದಿಟ್ಟಿತು. ಸತ್ಯವೆಂದಾಗಿದ್ದರೆ ಅದು ಶತಮಾನದ ಶೋಧವಾಗುತ್ತಿತ್ತು. ಆದರೆ ಅದೇ ಗಣಿ 1965ರಲ್ಲಿ ಜಗತ್ತಿಗೆ ತೋರಿಸಿಕೊಟ್ಟಿದ್ದ ನ್ಯೂಟ್ರಿನೋ ಈಗ ತೊಡಕಾಯಿತು. ಎಷ್ಟು ಆಳಕ್ಕಿಳಿದರೂ ತಡೆಯಲಾಗದ ಆ ಕಣ ಕೆಲವೊಮ್ಮೆ ಪ್ರೋಟಾನಿನ ಸಾವಿನ ವೇಷವನ್ನೇ ಧರಿಸಬಲ್ಲುದು. ಅಮೆರಿಕದ ಉಪ್ಪಿನ ಗಣಿಯೊಂದರಲ್ಲಿಯೂ ಜಪಾನಿನ ಕಮಿಯೋಕ ಗಣಿಯಲ್ಲಿಯೂ ಸಾವಿರಾರು ಟನ್ನು ನೀರನ್ನು ಕಾದು ಕುಳಿತ ಇನ್ನೂ ದೊಡ್ಡ ಉಪಕರಣಗಳಿಗೆ ನಿರೀಕ್ಷಿತ ಕ್ಷಯ ಕಾಣಲಿಲ್ಲ. ಕಮಿಯೋಕದ ಈಗಿನ ಉಪಕರಣದ ಪ್ರಕಾರ ಪ್ರೋಟಾನು ಆ ಬಗೆಯಲ್ಲಿ ಕ್ಷಯಿಸುವುದೇ ಆದರೂ ಆಯುಷ್ಯ 10ರ 34ನೆಯ ಘಾತದಷ್ಟು ವರ್ಷಗಳಿಗಿಂತ ಹೆಚ್ಚು. ಅತ್ಯಂತ ಸರಳವೂ ಸುಂದರವೂ ಆಗಿದ್ದ ಏಕೀಕರಣ ಸಿದ್ಧಾಂತ ತಿರಸ್ಕೃತವಾಯಿತು. ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ನಿಂತವು. 2001ರಲ್ಲಿ ಗಣಿಯೇ ಮುಚ್ಚಿತು.

ಇದನ್ನು ಸೋಲೆಂದು ಬಗೆಯುವುದು ತಪ್ಪು. ಚಿನ್ನವಲ್ಲದ್ದನ್ನು ಚಿನ್ನವಲ್ಲವೆಂದು ತೋರಿಸಿಕೊಡುವುದೂ ಒರೆಗಲ್ಲಿನ ಧರ್ಮವೇ. ಕೋಲಾರದ ತಂಡ ಕಂಡದ್ದನ್ನು ಕಂಡಂತೆ ದಾಖಲಿಸಿ, ಬೇರೆಯವರ ಪರೀಕ್ಷೆಗೆ ಒಡ್ಡಿತು. ವಿಜ್ಞಾನ ಬೇಡುವುದು ಅಷ್ಟನ್ನೇ.

ದೇಶಕಾಲವೇ ಕ್ರಮಕ್ಕೆ ಕಟ್ಟುಬಿದ್ದರೆ

ಪುಸ್ತಕವನ್ನು ತಿರುಗಿಸುವಾಗ ಕ್ರಮಕ್ಕೆ ಬೆಲೆಯಿತ್ತು. ಆದರೆ ಪುಸ್ತಕವಿದ್ದ ಸ್ಥಳ ನಿಶ್ಚಿತವಾಗಿತ್ತು. ಆ ಸ್ಥಳದ ಅಳತೆಯೇ ಕ್ರಮವನ್ನವಲಂಬಿಸಿದರೆ? ಒಂದು ಬಿಂದು ಪೂರ್ವಕ್ಕೆ ಎಷ್ಟು, ಉತ್ತರಕ್ಕೆ ಎಷ್ಟು ಎಂಬ ಎರಡು ಅಂಕೆಗಳನ್ನು ಗುಣಿಸುವಾಗ ಯಾವುದು ಮೊದಲೆಂಬುದರ ಮೇಲೆ ಫಲ ನಿಂತರೆ? ಇಂತಹುದಕ್ಕೆ ಕ್ರಮವಿನಿಮಯವಿಲ್ಲದ ದೇಶಕಾಲ ಎನ್ನುವರು. ಎಲೆಕ್ಟ್ರಾನಿನ ಸ್ಥಾನಕ್ಕೂ ಸಂವೇಗಕ್ಕೂ ಇಂತಹ ಸಂಬಂಧವಿದೆಯೆಂದು 1925ರಲ್ಲಿಯೇ ತಿಳಿದಿತ್ತು. ಆ ಕಾರಣದಿಂದಲೇ ಎರಡನ್ನೂ ಏಕಕಾಲದಲ್ಲಿ ನಿಖರವಾಗಿ ಅಳೆಯಲಾಗದು. ಸ್ಥಾನಸ್ಥಾನಗಳ ನಡುವೆಯೇ ಈ ಸಂಬಂಧ ಇರಬಹುದೆಂಬ ವಿಚಾರವನ್ನು 1947ರಲ್ಲಿ ಸ್ನೈಡರ್ ಲೇಖನರೂಪದಲ್ಲಿ ಪ್ರಕಟಿಸಿದರು. ಅಲ್ಲಿ ಬಿಂದುವೆಂಬುದಕ್ಕೆ ಅರ್ಥವಿಲ್ಲ. ಜಮೀನಿನ ಮೂಲೆಯ ಗಡಿಕಲ್ಲು ಕರಗಿ ಒಂದು ಪುಟ್ಟ ತೇಪೆಯಾಗಿ ಹರಡಿಕೊಂಡಂತೆ. ಆ ತೇಪೆಯ ವಿಸ್ತೀರ್ಣಕ್ಕಿಂತ ಚಿಕ್ಕದಾಗಿ ಗಡಿಯನ್ನು ಗುರುತಿಸಲು ಯಾವ ಸರ್ವೇಯರನಿಂದಲೂ ಆಗದು.

ಇಂತಹ ಕಲ್ಪನೆಗೆ ಕಾರಣವೂ ಇದೆ. ಅತಿ ಚಿಕ್ಕದನ್ನು ನೋಡಲು ಅತಿ ಶಕ್ತಿಯುತವಾದ ಬೆಳಕು ಬೇಕು. ಚಿಕ್ಕ ಎಡೆಯಲ್ಲಿ ಅತಿಯಾದ ಶಕ್ತಿಯನ್ನು ತುಂಬಿದರೆ ಗುರುತ್ವದ ನಿಯಮದಂತೆ ಅಲ್ಲೊಂದು ಕಪ್ಪುಕುಳಿ ಉಂಟಾಗಿ, ನೋಡಬೇಕಾದುದನ್ನೇ ನುಂಗಿಬಿಡುತ್ತದೆ. ಆದುದರಿಂದ ಸುಮಾರು 1.6 ಮೀಟರನ್ನು 1ರ ಮುಂದೆ 35 ಸೊನ್ನೆಗಳ ಸಂಖ್ಯೆಯಿಂದ ಭಾಗಿಸಿದಷ್ಟು ಉದ್ದದ ಕೆಳಗೆ ‘ಸ್ಥಳ’ ಎಂಬ ಮಾತು ಅರ್ಥ ಕಳೆದುಕೊಳ್ಳುತ್ತದೆ. ಡೋಪ್ಲಿಖರ್ ಮತ್ತು ಸಂಗಡಿಗರು 1995ರಲ್ಲಿ ಈ ತರ್ಕದಿಂದಲೇ ಕ್ರಮವಿನಿಮಯವಿಲ್ಲದ ದೇಶಕಾಲವನ್ನು ರಚಿಸಿದರು. ಫ್ರಾನ್ಸಿನ ಅಲೈನ್ ಕೊನ್ ಅದಕ್ಕೆ ತಕ್ಕ ರೇಖಾಗಣಿತವನ್ನು ಆ ಮೊದಲೇ ಕಟ್ಟಿದ್ದರು.

ಅಂತಹ ದೇಶಕಾಲದಲ್ಲಿ ಗೇಜ್ ಸಿದ್ಧಾಂತದ ಸ್ವರೂಪ ಹೇಗಿರುತ್ತದೆ? ಮೊದಲನೆಯದಾಗಿ, ಒಂದೇ ಮುಳ್ಳಿನ ಸರಳ ಗಡಿಯಾರವೂ ಪುಸ್ತಕದಂತೆ ವರ್ತಿಸತೊಡಗುತ್ತದೆ. ಬೆಳಕಿನ ಕಣಗಳೂ ಒಂದನ್ನೊಂದು ತಾಕುತ್ತವೆ. ಎರಡನೆಯದಾಗಿ, ಸೈಬರ್ಗ್ ಮತ್ತು ವಿಟ್ಟನ್ 1999ರಲ್ಲಿ ತೋರಿಸಿದಂತೆ, ಈ ಹೊಸ ಲೆಕ್ಕವನ್ನು ಹಳೆಯ ಲೆಕ್ಕಕ್ಕೆ ಭಾಷಾಂತರಿಸುವ ನಿಯಮವೊಂದಿದೆ. ಒಂದು ಭಾಷೆಯಲ್ಲಿ ಬರಿಯ ಸೇರಿನ ಬದಲಾವಣೆಯಾಗಿರುವುದು ಇನ್ನೊಂದರಲ್ಲಿಯೂ ಬರಿಯ ಸೇರಿನ ಬದಲಾವಣೆಯಾಗಿಯೇ ಉಳಿಯುತ್ತದೆ. ಮೂರನೆಯದಾಗಿ, ಇಂದು ಟಾಟಾ ಸಂಸ್ಥೆಯಲ್ಲಿರುವ ಶಿರಾಜ್ ಮಿನ್‌ವಾಲಾ ಇಬ್ಬರು ಸಹೋದ್ಯೋಗಿಗಳೊಡನೆ ಅದೇ ವರ್ಷ ಕಂಡುಕೊಂಡಂತೆ, ಇಲ್ಲಿ ಅತಿ ಚಿಕ್ಕ ಅಂತರದ ಪರಿಣಾಮಗಳು ಅತಿ ದೊಡ್ಡ ಅಂತರಗಳಲ್ಲಿಯೂ ತಲೆಹಾಕುತ್ತವೆ. ಚಿಕ್ಕದನ್ನು ಮರೆತು ದೊಡ್ಡದರ ಲೆಕ್ಕ ಮಾಡಬಹುದೆಂಬ ರೂಢಿಯ ನಂಬಿಕೆಗೆ ಇದು ಸವಾಲು.

ಪ್ರಬಲವಾದ ಕಾಂತಕ್ಷೇತ್ರದಲ್ಲಿ ತೆಳುವಾದ ಪದರದೊಳಗೆ ಚಲಿಸುವ ಎಲೆಕ್ಟ್ರಾನಿನ ಎರಡು ಸ್ಥಾನಾಂಕಗಳು ನಿಜವಾಗಿಯೂ ಹೀಗೆ ಕ್ರಮಕ್ಕೆ ಕಟ್ಟುಬೀಳುತ್ತವೆ. ಅಷ್ಟರಮಟ್ಟಿಗೆ ಈ ಗಣಿತಕ್ಕೆ ನೆಲೆಯಿದೆ. ಆದರೆ ಬಯಲ ದೇಶಕಾಲವೇ ಹಾಗಿದೆಯೆಂಬುದಕ್ಕೆ ಈವರೆಗೆ ಯಾವ ಪ್ರಯೋಗದಿಂದಲೂ ಸಾಕ್ಷ್ಯ ದೊರೆತಿಲ್ಲ. ವೈಲ್ ಅವರ 1918ರ ಲೇಖನದಂತೆ, ಜಾರ್ಜಿ–ಗ್ಲ್ಯಾಶೋ ಸಿದ್ಧಾಂತದಂತೆ, ಇದೂ ಸುಂದರವಾಗಿದೆ. ಇನ್ನೂ ಒರೆಗಲ್ಲಿಗೆ ತಾಗಿಲ್ಲ.

ಶಾಲೆಗೆ ಈ ಪಾಠದ ಫಲ

ನುಡಿಯೂ ನಡೆಯೂ ಒಂದಾಗಬೇಕೆಂಬುದು ಶರಣರು ಬಾಳಿ ತೋರಿದ ತತ್ತ್ವ. ಭೌತವಿಜ್ಞಾನದಲ್ಲಿ ನುಡಿಯೆಂದರೆ ಸಿದ್ಧಾಂತ, ನಡೆಯೆಂದರೆ ಪ್ರಯೋಗ. ಎರಡರ ನಡುವೆ ಬಿರುಕು ಕಂಡಾಗ ನುಡಿಯನ್ನು ತಿದ್ದಿಕೊಳ್ಳಬೇಕೇ ಹೊರತು ನಡೆಯನ್ನು ಮರೆಮಾಚಬಾರದು. ಇದು ದೊಡ್ಡ ಪ್ರಯೋಗಶಾಲೆಗಳಿಗೆ ಮಾತ್ರ ಅನ್ವಯಿಸುವ ಮಾತಲ್ಲ. ಲೋಲಕದ ಪ್ರಯೋಗ ಮಾಡಿದ ಬಾಲಕ ಗುರುತ್ವ ವೇಗೋತ್ಕರ್ಷ 9.8 ಬರಲಿಲ್ಲವೆಂದು ಹೆದರಿ, ತನಗೆ ಬಂದ 9.3ನ್ನು ಅಳಿಸಿ 9.8 ಎಂದು ಬರೆಯುವ ರೂಢಿ ಎಷ್ಟೋ ಶಾಲೆಗಳಲ್ಲಿದೆ. ಆ ಅಂಕೆಯನ್ನು ಅಳಿಸಿದ ಕ್ಷಣದಲ್ಲಿ ವಿಜ್ಞಾನದ ಪಾಠ ಮುಗಿಯಿತು. ಉಳಿದದ್ದು ಕೈಬರಹದ ಪಾಠ. 9.3ನ್ನು ಉಳಿಸಿಕೊಂಡು ದಾರದ ಉದ್ದವನ್ನು ಎಲ್ಲಿಂದ ಅಳೆಯಲಾಯಿತು, ಆಂದೋಲನಗಳನ್ನು ಎಣಿಸುವಲ್ಲಿ ತಪ್ಪಿತೇ ಎಂದು ಗುರುಶಿಷ್ಯರು ಕೂಡಿ ವಿಚಾರಿಸಿದರೆ ಕೋಲಾರದ ಗಣಿಯಲ್ಲಿ ನಡೆದ ಕೆಲಸವೇ ಆ ಮೇಜಿನ ಮೇಲೂ ನಡೆದಂತಾಗುತ್ತದೆ.

ವಿಜ್ಞಾನವನ್ನು ಕನ್ನಡದಲ್ಲಿ ಹೇಳಲು ಸಾಧ್ಯವೇ ಎಂಬ ಸಂದೇಹವನ್ನು ಪುತ್ತೂರಿನ ನೆಲವೇ ಬಹು ಹಿಂದೆ ಪರಿಹರಿಸಿದೆ. ಅಲ್ಲಿನ ಬಾಲವನದಲ್ಲಿ ನೆಲಸಿದ್ದ ಶಿವರಾಮ ಕಾರಂತರು 1959ರಿಂದ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವನ್ನು ನಾಡಿಗಿತ್ತರು. ಮಾತು ಸಿದ್ಧವಾಗಿದೆ, ಮಕ್ಕಳ ಕೈಗೆ ಬೇಕಾಗಿರುವುದು ಅಳತೆಯ ಸಾಧನ. ಒರೆಗಲ್ಲಿಗೂ ಬೆಲೆಯುಂಟು. ಒಂದು ತಕ್ಕಡಿ, ಒಂದು ನಿಲ್ಗಡಿಯಾರ, ಒಂದು ಜೊತೆ ಧ್ರುವಕಾರಿ ಹಾಳೆ ಇವು ದೊಡ್ಡ ಮೊತ್ತದ ವಸ್ತುಗಳಲ್ಲ. ಆದರೆ ಬೀರುವಿನ ಬೀಗದೊಳಗಿದ್ದರೆ ಇದ್ದೂ ಇಲ್ಲದಂತೆ. ದಾನಿಗಳ ಔದಾರ್ಯದಿಂದ ಬಂದ ಉಪಕರಣ ಉಪಾಧ್ಯಾಯರ ಕೈಯಿಂದ ವಿದ್ಯಾರ್ಥಿಯ ಕೈಗೆ ಹೋಗಿ, ಅವನ ಪುಸ್ತಕದಲ್ಲಿ ಅವನದೇ ಆದ ಅಂಕೆಯಾಗಿ ಮರಳಬೇಕು. ಆ ಅಂಕೆ 9.8 ಆಗಿಲ್ಲದಿದ್ದರೂ ಅದರ ಪಕ್ಕದಲ್ಲಿ ಗುರುವಿನ ಸಹಿ ಬೀಳಬೇಕು.